ಒಂಬತ್ತು ದಿನದ ಪಾಠ

ಶೈಲಾ ಟೀಚರಿಗೆ ದಣಿವು ಹೊಸದಲ್ಲ. ಮರಾಠಿ ಸೀಮೆಯ ಧನಕವಡಿಯ ವಿಶೇಷ ಮಕ್ಕಳ ಶಾಲೆಯಲ್ಲಿ ಇಪ್ಪತ್ತನಾಲ್ಕು ವರ್ಷದಿಂದ ಗುಂಡಿ ಹಾಕುವುದನ್ನು, ಮೂಗು ಒರೆಸಿಕೊಳ್ಳುವುದನ್ನು, ಐದರವರೆಗೆ ಎಣಿಸುವುದನ್ನು ಕಲಿಸುತ್ತ ಬಂದವಳು ಅವಳು. ವಿಜಯಪುರದ ನೆಂಟರು ಬಂದಾಗಲೆಲ್ಲ "ಪುಣ್ಯದ ಕೆಲಸ ಮಾಡಾಕತ್ತಿ ಬಿಡವಾ" ಎಂದು ಚಹಾ ಕುಡಿದು ಹೋಗುತ್ತಾರೆ. ಪುಣ್ಯ ಮಾಡಿದರೆ ಮಂಡಿನೋವು ಬರುತ್ತದೆಂದು ಯಾವ ಶಾಸ್ತ್ರದಲ್ಲೂ ಬರೆದಿಲ್ಲ. ಹಾಗೆ ಹೇಳಿದವರಲ್ಲಿ ಒಬ್ಬರಾದರೂ ಒಂದು ದಿನ ಬಂದು ಏಳು ಮಕ್ಕಳನ್ನು ಒಟ್ಟಿಗೆ ಶೌಚಕ್ಕೆ ಕರೆದೊಯ್ದು ನೋಡಲಿ. ಗಂಡ ಚಾಕಣದ ಕಾರ್ಖಾನೆಯಲ್ಲಿ ಪಾಳಿಯ ಮೇಲೆ ದುಡಿಯುತ್ತಾನೆ. ಅವನು ಮನೆಗೆ ಬರುವ ಹೊತ್ತಿಗೆ ಇವಳು ಉಣ್ಣದೆಯೇ ನಿದ್ದೆ ಹೋಗಿರುವುದು ಎಷ್ಟೋ ಸಲ.

ಈ ಕೆಲಸದಲ್ಲಿ ಗೆಲುವು ಬರುವುದೇ ಇರುವೆ ನಡಿಗೆಯಲ್ಲಿ. ಅಪೇಕ್ಷಾಳ ಸಂಗತಿಯನ್ನೇ ತೆಗೆದುಕೊಳ್ಳಿ. ಕಾತ್ರಜ್ ರಸ್ತೆಯಲ್ಲಿ ಸಣ್ಣ ಹೋಟೆಲು ನಡೆಸುವ ಉಡುಪಿ ಕಡೆಯ ಸುಖೇಶ್ ಮತ್ತು ಚಿತ್ರಾ ದಂಪತಿಗೆ ಅವಳು ಒಬ್ಬಳೇ ಮಗಳು. ಈಗ ಹನ್ನೊಂದು ವರ್ಷ. ನಾಲ್ಕು ವರ್ಷದ ಹಿಂದೆ ಮೊದಲ ಸಲ ಶಾಲೆಗೆ ಬಂದಾಗ ಅವಳ ಎಡ ಮಣಿಕಟ್ಟಿನ ತುಂಬ ಹಲ್ಲಿನ ಗುರುತುಗಳಿದ್ದವು. ಹಲ್ಲು ಬೇರೆ ಯಾರದೂ ಅಲ್ಲ, ಅವಳವೇ. ಅದಕ್ಕೆ ಮುಂಚೆ ಸೇರಿಸಿದ್ದ ಸಾಮಾನ್ಯ ಶಾಲೆಯಲ್ಲಿ ಅವಳನ್ನು ತರಗತಿಯ ಹೊರಗೆ, ಚಪ್ಪಲಿ ಬಿಡುವ ಜಾಗದಲ್ಲಿ ಕೂರಿಸುತ್ತಿದ್ದರು. ಒಂದು ದಿನವಲ್ಲ, ವರ್ಷವಿಡೀ. ಅಲ್ಲಿ ಕೂತು ಮಾಡಲು ಬೇರೇನೂ ಇಲ್ಲದೆ ಮಗು ತನ್ನ ಕೈಯನ್ನೇ ಕಚ್ಚುವುದನ್ನು ಕಲಿಯಿತು.

ಅಂಥವಳಿಗೆ ಐದರವರೆಗೆ ಎಣಿಸಲು ಕಲಿಸುವುದಕ್ಕೆ ಶೈಲಾಳಿಗೆ ಹನ್ನೊಂದು ತಿಂಗಳು ಹಿಡಿಯಿತು. ಸರಿಯಾಗಿ ಹೇಳಿದ ಕೂಡಲೇ ಅಂಗೈಗೆ ಒಂದು ಒಣದ್ರಾಕ್ಷಿ. ತಪ್ಪಿದರೆ ಬೈಗುಳವಿಲ್ಲ, ದ್ರಾಕ್ಷಿಯೂ ಇಲ್ಲ, ಅದೇ ಪ್ರಶ್ನೆ ಮತ್ತೊಮ್ಮೆ. ಇದು ಶೈಲಾ ಕಂಡುಹಿಡಿದ ವಿದ್ಯೆಯೇನೂ ಅಲ್ಲ, ಈ ಕಸುಬಿನಲ್ಲಿ ಎಲ್ಲರೂ ಮಾಡುವುದೇ. ಈಗ ಅಪೇಕ್ಷಾ ಇಪ್ಪತ್ತರವರೆಗೆ ಎಣಿಸುತ್ತಾಳೆ. ಗಡಿಯಾರದ ದೊಡ್ಡ ಮುಳ್ಳು ಹನ್ನೆರಡರ ಮೇಲಿದ್ದರೆ ಗಂಟೆ ಹೇಳುತ್ತಾಳೆ. ಅಪ್ಪನ ಫೋನ್ ನಂಬರನ್ನು ಒಂದಂಕಿ ತಪ್ಪದೆ ಹಾಡಿದ ಹಾಗೆ ಒಪ್ಪಿಸುತ್ತಾಳೆ. ಕೈ ಕಚ್ಚಿಕೊಳ್ಳುವುದು ನಿಂತು ಎರಡು ವರ್ಷವಾಯಿತು.

ತೊಂದರೆ ಶುರುವಾದದ್ದು ಅಲ್ಲಿಂದಲೇ. ಈ ಶಾಲೆಯಲ್ಲಿ ಜಾಗ ಸಿಗಬೇಕಾದರೆ, ಮಗುವಿಗೆ ನೂರಕ್ಕೆ ನಲವತ್ತಾದರೂ ಕೊರತೆ ಇದೆಯೆಂದು ಸರ್ಕಾರಿ ಆಸ್ಪತ್ರೆಯವರು ಬರೆದುಕೊಡಬೇಕು. ಅಪೇಕ್ಷಾಳ ಹಳೆಯ ಪ್ರಮಾಣಪತ್ರದ ಅವಧಿ ಮುಗಿಯುತ್ತ ಬಂದಿತ್ತು. ಹೊಸದಕ್ಕೆ ಮತ್ತೆ ಪರೀಕ್ಷೆ. ನಲವತ್ತಕ್ಕಿಂತ ಕೆಳಗೆ ಬಿದ್ದರೆ ಅವಳು "ಸುಧಾರಿಸಿದ್ದಾಳೆ", ಸಾಮಾನ್ಯ ಶಾಲೆಗೆ ನಡೆಯಬಹುದು. ಬೇರೆ ಶಾಲೆಗಳಲ್ಲಿ ಮಕ್ಕಳಿಗೆ ನಪಾಸಾಗುವ ಭಯ, ಇಲ್ಲಿ ಪಾಸಾಗುವ ಭಯ.

ಒಂದು ಮಂಗಳವಾರ ಚಿತ್ರಾ ಶಾಲೆ ಬಿಡುವ ಹೊತ್ತಿಗೆ ಬಂದಳು. ಕೈಯಲ್ಲಿ ಹೋಟೆಲಿನ ಗೋಳಿಬಜೆಯ ಡಬ್ಬಿ. ಡಬ್ಬಿ ನೋಡಿದ ಕೂಡಲೇ ಶೈಲಾಳಿಗೆ ಏನೋ ಕೆಲಸವಿದೆ ಎಂದು ತಿಳಿಯಿತು.

"ಟೀಚರ್, ನೀವು ಬೈದ್ರೂ ಅಡ್ಡಿಲ್ಲ. ಒಂದು ಮಾತು ಹೇಳ್ಲಿಕ್ಕೆ ಉಂಟು" ಎಂದಳು ಚಿತ್ರಾ. "ಪರೀಕ್ಷೆ ದಿವಸ ಒಂದು, ಅವಳು ಎಂತದೂ ಹೇಳದ ಹಾಗೆ ಮಾಡ್ಲಿಕ್ಕೆ ಆಗ್ತದಾ?"

"ಏನ್ ಮಾತಾಡ್ತೀರಿ ಚಿತ್ರಾ ಅವ್ರ? ನಾಕ್ ವರ್ಷ ಕುಂತು ಕಲಿಸೀನಿ ನಾ. ಈಗ ಅದನ್ನೆಲ್ಲಾ ಬರಂಗಿಲ್ಲ ಅನ್ನು ಅಂತ ಹೇಳ್ಲೇನ್ರಿ?"

"ಸುಳ್ಳು ಅಂತ ನಂಗೂ ಗೊತ್ತುಂಟು ಟೀಚರ್. ಆದ್ರೆ ಪುನಃ ಆ ಚಪ್ಪಲಿ ಹತ್ರ ಕೂತ್ಕೊಳ್ಳಿಕ್ಕೆ ಕಳಿಸ್ಲಿಕ್ಕೆ ನನ್ನಿಂದ ಆಗುದಿಲ್ಲ."

"ನನ್ನ ಕೈಲೆ ಇದು ಆಗೂದಿಲ್ರಿ. ಭಾಳ ತಪ್ಪಾಗ್ತದ" ಎಂದು ಶೈಲಾ ಎದ್ದುಬಿಟ್ಟಳು. ಗೋಳಿಬಜೆ ಮೇಜಿನ ಮೇಲೆಯೇ ಉಳಿಯಿತು.

ಬಾಯಲ್ಲಿ ಆಗುವುದಿಲ್ಲ ಎಂದಳೇ ಹೊರತು, ಬಸ್ಸಿನಲ್ಲಿ ಕೂತವಳಿಗೆ ಉದ್ದಕ್ಕೂ ದತ್ತುವಿನದೇ ನೆನಪು. ಭೋರ್ ಕಡೆಯ ಹುಡುಗ, ಅವಳೇ ಆರು ವರ್ಷ ಕಲಿಸಿದವನು. ಎರಡು ವರ್ಷದ ಹಿಂದೆ ಇದೇ ಪರೀಕ್ಷೆಯಲ್ಲಿ ಅವನಿಗೆ ಮೂವತ್ತೇಳು ಬಂತು. ಶಾಲೆಯಲ್ಲಿ ಪೇಢೆ ಹಂಚಿದರು, ಶೈಲಾ ಎರಡು ತಿಂದಳು, ಖುಷಿಗೆ ಕಣ್ಣೀರೂ ಬಂದಿತ್ತು. ಕಳೆದ ವರ್ಷ ಯಾರದೋ ಮದುವೆಗೆಂದು ಭೋರಿಗೆ ಹೋದಾಗ ಅವನ ಮನೆಗೂ ಹೋಗಿದ್ದಳು. ಸಾಮಾನ್ಯ ಶಾಲೆಯಲ್ಲಿ ಒಂದು ವರ್ಷವೂ ಉಳಿಯದೆ ಹುಡುಗ ಮನೆ ಸೇರಿದ್ದ. ಟೀವಿಯ ಮುಂದೆ ಕೂತಿದ್ದ ಅವನ ಅಂಗಿಯ ಗುಂಡಿಗಳನ್ನು ಅಜ್ಜಿ ಹಾಕುತ್ತಿದ್ದಳು. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ಕೆಸರಾದದ್ದಂತೂ ನಿಜ, ಆ ಮೊಸರು ಯಾರ ಮನೆಗೆ ಹೋಯಿತೋ.

ಮರುದಿನ ಬೆಳಿಗ್ಗೆ ಚಿತ್ರಾಳಿಗೆ ಫೋನು ಮಾಡಿ, "ಪರೀಕ್ಷೆ ಯಾವತ್ತದ ಅಂದ್ರಿ?" ಎಂದು ಕೇಳಿದಳು. ಅಷ್ಟೇ ಕೇಳಿದ್ದು. ಆಚೆಗಿದ್ದವಳು ಅಳುವುದು ಕೇಳಿಸಿತು.

ಉಳಿದದ್ದು ಒಂಬತ್ತೇ ದಿನ. ಮೊದಲ ದಿನ ಶೈಲಾ ಮೇಜಿನ ಮೇಲೆ ಮೂರು ಚಮಚ ಇಟ್ಟು ಎಷ್ಟು ಎಂದು ಮರಾಠಿಯಲ್ಲಿ ಕೇಳಿದಳು. ಶಾಲೆಯ ಭಾಷೆ ಅದೇ, ಆಸ್ಪತ್ರೆಯದೂ ಅದೇ. "ತೀನ್" ಎಂದು ಅಪೇಕ್ಷಾ ಅಂಗೈ ಚಾಚಿದಳು. ಶೈಲಾ ದ್ರಾಕ್ಷಿ ಕೊಡಲಿಲ್ಲ. ಹುಡುಗಿ ಒಂದೊಂದೇ ಚಮಚ ಮುಟ್ಟಿ ಮತ್ತೆ ಎಣಿಸಿ, ಈ ಸಲ ಜೋರಾಗಿ "ತೀನ್" ಎಂದಳು. ಕೊಡಲಿಲ್ಲ. ಆಗ ಅವಳು ಟೀಚರ ಮುಖ ನೋಡುತ್ತ, ಮೆಲ್ಲಗೆ, "ಚಾರ್?" ಎಂದಳು. ಟೀಚರಿಗೆ ನಾಲ್ಕು ಬೇಕಿದ್ದರೆ ನಾಲ್ಕೇ ಆಗಲಿ ಎಂಬಂತೆ. ಆದರೂ ಶೈಲಾ ಬಿಡಲಿಲ್ಲ. "ಮಾಹೀತ್ ನಾಹೀ ಅನ್ನು" ಎಂದು ಹೇಳಿಕೊಟ್ಟಳು, ಗೊತ್ತಿಲ್ಲ ಎನ್ನು. ಹುಡುಗಿ ಅಂದಳು. ಅಂಗೈಗೆ ದ್ರಾಕ್ಷಿ ಬಿತ್ತು.

ಎಣಿಕೆ, ಗಂಟೆ, ಬಣ್ಣ, ವಾರದ ಹೆಸರು, ಅಪ್ಪನ ನಂಬರು, ಒಂದೊಂದಾಗಿ ಎಲ್ಲಕ್ಕೂ ಇದೇ ಪಾಠ. ಐದನೆಯ ದಿನಕ್ಕೆ ಅವಳು ಚಮಚಗಳ ಕಡೆ ನೋಡುವುದನ್ನೇ ಬಿಟ್ಟಳು. ಒಂಬತ್ತನೆಯ ದಿನ ಕೇಳಿದ ನಲವತ್ತು ಪ್ರಶ್ನೆಗಳಿಗೆ ನಲವತ್ತು ಸಲ "ಮಾಹೀತ್ ನಾಹೀ", ಒಂದೂ ತಪ್ಪಲಿಲ್ಲ. ಇಪ್ಪತ್ತನಾಲ್ಕು ವರ್ಷದಲ್ಲಿ ಶೈಲಾಳ ಕೈಯಲ್ಲಿ ಯಾವ ಮಗುವೂ ಯಾವ ಪಾಠವನ್ನೂ ಇಷ್ಟು ಬೇಗ ಕಲಿತಿರಲಿಲ್ಲ.

ಆಸ್ಪತ್ರೆಯಲ್ಲಿ ಬೆಳಿಗ್ಗೆ ಎಂಟಕ್ಕೆ ಚೀಟಿ ಮಾಡಿಸಿದರೆ ಒಳಗೆ ಕರೆದದ್ದು ಮಧ್ಯಾಹ್ನ ಒಂದಕ್ಕೆ. ಪರೀಕ್ಷೆ ಮಾಡುವವರು ನಿವೃತ್ತಿಗೆ ಹತ್ತಿರವಾದ ಹೆಂಗಸು. ಅವರ ಮೇಜಿನ ಮೇಲೆ ತಣ್ಣಗಾದ ಚಹಾ, ಪಕ್ಕದಲ್ಲಿ ಎತ್ತರದ ಫೈಲಿನ ಕಟ್ಟು. ಮಗು ಒಬ್ಬಳೇ ಕೂರುವುದಿಲ್ಲ ಎಂದದ್ದಕ್ಕೆ ತಾಯಿಯನ್ನೂ ಟೀಚರನ್ನೂ ಒಳಗೆ ಬಿಟ್ಟರು. ಶೈಲಾ ಮಗ್ಗುಲಲ್ಲೇ ಕೂತಳು, ಚಿತ್ರಾ ಗೋಡೆಯ ಹತ್ತಿರ.

ಆ ಹೆಂಗಸು ಬಣ್ಣ ಬಳಿದ ಮರದ ತುಂಡುಗಳನ್ನು ಮುಂದಿಟ್ಟು, ಕೆಂಪು ಯಾವುದು ಎಂದು ಕೇಳಿದರು.

"ಮಾಹೀತ್ ನಾಹೀ."

ಎಷ್ಟಿವೆ? ಮಾಹೀತ್ ನಾಹೀ. ಇವತ್ತು ಯಾವ ವಾರ? ಮಾಹೀತ್ ನಾಹೀ. ದಾರಿ ತಪ್ಪಿದರೆ ಯಾರಿಗೆ ಫೋನು ಮಾಡುತ್ತೀಯ? ಮಾಹೀತ್ ನಾಹೀ. ಪ್ರತಿ ಉತ್ತರಕ್ಕೂ ಅಪೇಕ್ಷಾ ಶೈಲಾಳ ಕಡೆ ತಿರುಗಿ ಅಂಗೈ ಚಾಚುತ್ತಿದ್ದಳು. ಇದೊಂದನ್ನು ಶೈಲಾ ಯೋಚಿಸಿಯೇ ಇರಲಿಲ್ಲ. ಪರೀಕ್ಷಕರ ಎದುರಿಗೆ ದ್ರಾಕ್ಷಿ ಕೊಡುವುದು ಹೇಗೆ? ಪುಟ್ಟ ಅಂಗೈ ಮೇಜಿನ ಅಂಚಿನಲ್ಲಿ ತೆರೆದೇ ಉಳಿಯಿತು. ಹುಡುಗಿಗೆ ಬೇಸರವಿಲ್ಲ, ಸಿಟ್ಟಿಲ್ಲ. ಬರಬೇಕಾದದ್ದು ಬರುತ್ತದೆ ಎಂದು ನಂಬಿ ಕಾಯುತ್ತಿದ್ದಳು. ಶೈಲಾ ನಾಚಿಕೆಯಿಂದ ತಲೆ ತಗ್ಗಿಸಿದಳು.

ಆ ಹೆಂಗಸು ಪೆನ್ನು ಕೆಳಗಿಟ್ಟರು. ಅಂಗೈಯನ್ನು ನೋಡಿದರು, ಶೈಲಾಳ ಚೀಲವನ್ನು ನೋಡಿದರು. "ಕೊಟ್ಟುಬಿಡಿ ಮ್ಯಾಡಮ್" ಎಂದರು ಮರಾಠಿಯಲ್ಲಿ. "ಕಲಿಸಿದ್ದನ್ನು ಒಂದೂ ಬಿಡದೆ ಒಪ್ಪಿಸಿದ್ದಾಳೆ."

ಶೈಲಾ ಚೀಲದಿಂದ ಡಬ್ಬಿ ತೆಗೆದು ನಾಲ್ಕು ದ್ರಾಕ್ಷಿ ಕೊಟ್ಟಳು. ಎಲ್ಲ ಮುಗಿಯಿತು ಎಂದೇ ಅಂದುಕೊಂಡಳು. ಮಗುವಿನ ಜಾಗವೂ ಹೋಯಿತು, ತನ್ನ ಮಾನವೂ ಹೋಯಿತು. ಗೋಡೆಯ ಹತ್ತಿರ ಕೂತಿದ್ದ ಚಿತ್ರಾ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು.

"ಯಾಕೆ ಹೀಗೆ ಮಾಡಿದಿರಿ?" ಎಂದು ಕೇಳಿದರು ಆಕೆ.

ಸುಳ್ಳು ಹೇಳುವಷ್ಟು ಶಕ್ತಿ ಶೈಲಾಳಲ್ಲಿ ಉಳಿದಿರಲಿಲ್ಲ. ಚಪ್ಪಲಿ ಬಿಡುವ ಜಾಗದ ಸಂಗತಿ ಹೇಳಿದಳು, ಕೈ ಕಚ್ಚಿಕೊಂಡದ್ದು ಹೇಳಿದಳು, ದತ್ತುವಿನದೂ ಹೇಳಿದಳು. ಆಕೆ ತಡೆಯದೆ ಎಲ್ಲವನ್ನೂ ಕೇಳಿದರು. ಮಗುವಿನ ಮಣಿಕಟ್ಟನ್ನು ತಿರುಗಿಸಿ ನೋಡಿ, ಹಾಳೆ ಎಳೆದುಕೊಂಡು ಬರೆಯತೊಡಗಿದರು.

"ಬರೀ ಎಣಿಸಲು ಬರುತ್ತದೆಯೋ ಇಲ್ಲವೋ ಎಂದಷ್ಟೇ ನೋಡುವುದಿಲ್ಲ ನಾವು" ಎಂದರು, ತಲೆ ಎತ್ತದೆ. "ಗುಂಪಿನಲ್ಲಿ ಹೇಗಿರುತ್ತಾಳೆ, ಒಬ್ಬಳೇ ಎಷ್ಟು ನಿಭಾಯಿಸುತ್ತಾಳೆ, ಅದಕ್ಕೂ ಅಂಕ ಇದೆ. ಈಗ ಹೇಳಿದ್ದನ್ನು ಬಂದ ಕೂಡಲೇ ಹೇಳಿದ್ದರೆ ಸಾಕಿತ್ತು."

ನಲವತ್ತೈದು. ಐದು ವರ್ಷದ ಅವಧಿ. ನೇರಳೆ ಮಸಿಯ ಮೊಹರು ಬಿತ್ತು.

ಹೊರಗೆ ಬಂದ ಮೇಲೆ ಚಿತ್ರಾ ಆ ಹಾಳೆಯನ್ನು ಎದೆಗವಚಿಕೊಂಡು ವರಾಂಡದ ಬೆಂಚಿನ ಮೇಲೆ ಕುಸಿದಳು. ಅಳುತ್ತಲೂ ಇದ್ದಳು, ನಗುತ್ತಲೂ ಇದ್ದಳು. "ಟೀಚರ್, ನಿಮ್ಮ ಋಣ ಹೇಗೆ ತೀರಿಸುದು" ಎಂದಳು. ಶೈಲಾಳ ಕಿವಿಗೆ ಆ ಮಾತು ಬೀಳಲಿಲ್ಲ. ಬಂದ ಕೂಡಲೇ ಹೇಳಿದ್ದರೆ ಸಾಕಿತ್ತು ಎಂಬುದೇ ತಲೆಯಲ್ಲಿ ಸುತ್ತುತ್ತಿತ್ತು. ಇಷ್ಟು ವರ್ಷದಲ್ಲಿ ಯಾರೂ ಕೂತು ಕೇಳಿದ್ದಿಲ್ಲ, ಹಾಗಾಗಿ ಹೇಳಬಹುದೆಂಬುದೇ ಅವಳಿಗೆ ಹೊಳೆದಿರಲಿಲ್ಲ.

ಚಿತ್ರಾ ಮಗಳ ಗಲ್ಲ ಹಿಡಿದು ಮುದ್ದು ಮಾಡಿದಳು. "ಜಾಣೆ ನೀನು! ಈಗ ಹೇಳು ನೋಡುವ, ನಾನು ಯಾರು?"

"ಮಾಹೀತ್ ನಾಹೀ" ಎಂದಳು ಅಪೇಕ್ಷಾ.

"ಪರೀಕ್ಷೆ ಮುಗೀತು ಮಗಾ. ಈಗ ಹೇಳ್ಬಹುದು. ಅಮ್ಮ ಅಲ್ವಾ ನಾನು? ಹೇಳು, ನಾನು ಯಾರು?"

"ಮಾಹೀತ್ ನಾಹೀ" ಎಂದು ಹುಡುಗಿ ಇನ್ನಷ್ಟು ಸ್ಪಷ್ಟವಾಗಿ ಹೇಳಿದಳು. ಮುಖದ ತುಂಬ ಹೆಮ್ಮೆ. ಅಮ್ಮನನ್ನು ಬಿಟ್ಟು ಶೈಲಾಳ ಕಡೆ ತಿರುಗಿ ಅಂಗೈ ಚಾಚಿದಳು.

ಚಿತ್ರಾಳ ಮುಖದ ನಗು ಹಾಗೇ ಸ್ವಲ್ಪ ಹೊತ್ತು ನಿಂತು, ಆಮೇಲೆ ಆರಿತು. "ಟೀಚರ್" ಎಂದಳು, "ಇದನ್ನು ಬಿಡಿಸ್ಲಿಕ್ಕೆ ಎಷ್ಟು ದಿವಸ ಬೇಕು?"

ಗೊತ್ತಿಲ್ಲ ಎಂಬ ಮಾತು ಶೈಲಾಳ ನಾಲಗೆಯ ತುದಿಗೇ ಬಂತು. ಆ ಹುಡುಗಿಯ ಮುಂದೆ ಅದನ್ನು ಯಾವ ಭಾಷೆಯಲ್ಲೂ ಆಡುವ ಧೈರ್ಯ ಅವಳಿಗಾಗಲಿಲ್ಲ. ತೆರೆದ ಅಂಗೈಯ ಬೆರಳುಗಳನ್ನು ಒಂದೊಂದಾಗಿ ಮಡಚಿ ತನ್ನ ಕೈಯೊಳಗೆ ಹಿಡಿದುಕೊಂಡಳು.

"ಸೋಮವಾರದಿಂದ ಶುರು ಮಾಡೂಣ್ರಿ" ಎಂದಳು. "ನೀವೂ ಬಂದು ಕೂಡ್ರಿ."