ತಲೆಯಲ್ಲಿ ತೂತಿರುವ ಚೀಟಿ

ನಿಘಂಟಿನ ಕಚೇರಿಯಲ್ಲಿ ಎಲ್ಲರೂ ಆಕೆಯನ್ನು ಚೀಟಿಯಕ್ಕ ಎಂದೇ ಕರೆಯುತ್ತಿದ್ದರು. ಇಂಗ್ಲಿಷ್ ಮಾತುಗಳಿಗೆ ನಮ್ಮ ಮಾತಿನಲ್ಲಿ ಅರ್ಥ ಹೇಳುವ ದೊಡ್ಡ ಪುಸ್ತಕ ಅಲ್ಲಿ ತಯಾರಾಗುತ್ತಿತ್ತು. ಯಾವ ಮಾತನ್ನು ಎಲ್ಲಿ ಓದಿದೆವು, ಯಾರ ಬಾಯಲ್ಲಿ ಕೇಳಿದೆವು ಎಂದು ಅಂಗೈಯಗಲದ ರಟ್ಟಿನ ಚೀಟಿಗಳಲ್ಲಿ ಬರೆಯುವುದು ಆ ಕಚೇರಿಯ ಪದ್ಧತಿ. ಆ ಚೀಟಿಗಳನ್ನು ಮರದ ಡ್ರಾಯರುಗಳಲ್ಲಿ ಜೋಡಿಸಿ ಕಾಯುವುದು ಮೂವತ್ತನಾಲ್ಕು ವರ್ಷಗಳಿಂದ ಆಕೆಯ ಕೆಲಸ.

ಪ್ರತಿ ಡ್ರಾಯರಿನ ತಳದಲ್ಲೂ ಒಂದು ಹಿತ್ತಾಳೆಯ ಕಂಬಿ. ಒಪ್ಪಿದ ಚೀಟಿಗೆ ಕಾಲಬಳಿ ತೂತು ಕೊರೆದು ಕಂಬಿಗೆ ಪೋಣಿಸುವರು. ಒಪ್ಪದ ಚೀಟಿಯನ್ನು ಹರಿದೆಸೆಯುವಂತಿಲ್ಲ. ತಲೆಯ ಬಳಿ ತೂತು ಕೊರೆದು, ತಲೆಕೆಳಗಾಗಿ ಅದೇ ಕಂಬಿಗೆ ಪೋಣಿಸಬೇಕು. ಈ ಕಟ್ಟಳೆ ಮಾಡಿದವನು ಆಕೆಯ ಅಣ್ಣ, ಆ ನಿಘಂಟಿನ ಮೊದಲ ಸಂಪಾದಕ. "ತಪ್ಪನ್ನ ಎಸೆದ್ರೆ ಇನ್ನೊಬ್ಬ ಅದನ್ನೇ ಹೊಸದು ಅಂತ ಹೊತ್ಕೊಂಡು ಬರ್ತಾನೆ. ಇಲ್ಲೇ ಇರ್ಲಿ, ತಲೆಕೆಳಗಾಗಿ" ಎನ್ನುತ್ತಿದ್ದ.

ಅಣ್ಣ ತೀರಿಕೊಂಡು ಮೂರು ತಿಂಗಳಾಗಿತ್ತು. ಏಕೆ ತೀರಿಕೊಂಡ ಎಂದು ವೈದ್ಯರೇ ಖಚಿತವಾಗಿ ಹೇಳಲಿಲ್ಲ. ಬಂದ ನಂಟರಿಗೆ ಮಾತ್ರ ಎಲ್ಲವೂ ಗೊತ್ತಿತ್ತು. ಒಬ್ಬನಿಗೆ ತಣ್ಣೀರು ಕಾರಣ, ಇನ್ನೊಬ್ಬನಿಗೆ ಫ್ಯಾನಿನ ಗಾಳಿ, ದೊಡ್ಡಮ್ಮನ ಮಗಳಿಗೆ ಅಣ್ಣ ಹೆಚ್ಚು ಓದಿದ್ದೇ ಕಾರಣ. ಎಲ್ಲರಿಗೂ ಚೀಟಿಯಕ್ಕನದು ಒಂದೇ ಉತ್ತರ: "ನಮಗೆ ತಿಳಿಯದು. ಕೊಟ್ಟವನಿಗೆ ತಿಳಿದಿದೆ." ದಿನವೂ ಬೆಳಗ್ಗೆ ದೇವರ ಮುಂದೆ ಕೈಮುಗಿದಾಗಲೂ ಆಕೆ ಕಾರಣ ಕೇಳುತ್ತಿರಲಿಲ್ಲ; ತಡೆದುಕೊಳ್ಳುವ ಶಕ್ತಿಯನ್ನಷ್ಟೇ ಕೇಳುತ್ತಿದ್ದಳು.

ಅಣ್ಣನ ಕುರ್ಚಿಗೆ ಈಗ ಹೊಸ ಸಂಪಾದಕರು ಬಂದಿದ್ದರು. ಕುರ್ಚಿ ತುಂಬಿತ್ತು, ಜಾಗ ತುಂಬಿರಲಿಲ್ಲ. ಜಗತ್ತಿನ ಯಾವ ಮಾತು ಕೊಟ್ಟರೂ ಅದರ ಬೇರು ನಮ್ಮ ಹಿತ್ತಲಲ್ಲೇ ಇದೆ ಎಂದು ತೋರಿಸಬಲ್ಲ ವಿದ್ಯೆ ಅವರದು. ಬೋಳುತಲೆಗೂ ಮೊಣಕಾಲಿಗೂ ಗಂಟು ಹಾಕುವುದೆಂದರೆ ಕೇಳಿದ್ದೇವೆ. ಇವರು ಗಂಟು ಹಾಕಿ, ಜಡೆ ಹೆಣೆದು, ಹೂವನ್ನೂ ಮುಡಿಸುತ್ತಿದ್ದರು. ಕಂಪ್ಯೂಟರಿನ ಮುಂದೆ ಪುಟ ಕಟ್ಟುವವನು ಅವರಿಗೆ 'ಮೂಲಪುರುಷ' ಎಂದು ಹೆಸರಿಟ್ಟಿದ್ದ.

"ಅದು ಪಾಂಡಿತ್ಯ ಅಲ್ಲ ಅಕ್ಕ, ಮೂಲವ್ಯಾಧಿ. ಅದಕ್ಕೇ ಕೂತಲ್ಲಿ ಕೂರಕ್ಕಾಗಲ್ಲ ಅವರಿಗೆ" ಎಂದು ಅವನು ಪಿಸುಗುಟ್ಟಿದರೆ, ಚೀಟಿಯಕ್ಕ "ಬಾಯ್ಮುಚ್ಚೋ" ಎಂದು ಗದರಿ, ಮುಖ ತಿರುಗಿಸಿ ನಗುತ್ತಿದ್ದಳು.

ಆ ದಿನ ಸಂಜೆಯೊಳಗೆ 'ಕಟ್' ಎಂಬ ಕ್ರಿಯಾಪದದ ಪುಟ ಮುದ್ರಣಕ್ಕೆ ಹೋಗಬೇಕಿತ್ತು. ಅದು ಅಣ್ಣ ಮುಗಿಸಿದ ಕೊನೆಯ ಪುಟ. ಕತ್ತರಿಸು, ಕೊಯ್ಯಿ, ಕಡಿ, ತುಂಡರಿಸು ಎಂದು ಅರ್ಥಗಳನ್ನು ಕೊಟ್ಟು ಕೆಳಗೆ ಹೀಗೆ ಬರೆದಿದ್ದ: "ಇಂಗ್ಲಿಷ್ ಬರವಣಿಗೆಯಲ್ಲಿ ಸುಮಾರು ಏಳುನೂರು ವರ್ಷಗಳಿಂದ ಕಾಣುತ್ತದೆ. ಮೊದಲು ಈ ಕೆಲಸ ಮಾಡುತ್ತಿದ್ದ ಕಾರ್ವ್ ಎಂಬ ಮಾತನ್ನು ಮರದ ಕೆತ್ತನೆಗೂ ಊಟದ ಮೇಜಿನ ಮಾಂಸಕ್ಕೂ ತಳ್ಳಿ ತಾನು ಮನೆಯ ಯಜಮಾನನಾಯಿತು. ಉತ್ತರ ದೇಶದವರಿಂದ ಬಂದಿರಬಹುದೆಂದು ಊಹೆ, ಸಾಕ್ಷಿ ಸಾಲದು. ಮೂಲ ತಿಳಿಯದು."

ಆ ಕೊನೆಯ ಎರಡು ಮಾತು ಬರೆಯಲು ಅಣ್ಣ ಹನ್ನೊಂದು ತಿಂಗಳು ತೆಗೆದುಕೊಂಡಿದ್ದ.

ಅದರ ಕೆಳಗೆ, ನಮ್ಮ ಜನ ಈ ಮಾತನ್ನು ದಿನಬಳಕೆಗೆ ಹೇಗೆ ತಂದುಕೊಂಡಿದ್ದಾರೆ ಎಂಬುದರ ಉದಾಹರಣೆಗಳು. ಕ್ಷೌರಿಕನ ಅಂಗಡಿಯಲ್ಲಿ ಕೇಳಿದ್ದು, ಕರೆಂಟು ಹೋದಾಗ ಕೇಳಿದ್ದು, ಕ್ಲಾಸಿಗೆ ಚಕ್ಕರ್ ಹೊಡೆದವರಿಂದ ಕೇಳಿದ್ದು. ಕಟ್ಟಕಡೆಯದು, ಅಣ್ಣ ಹೋದಮೇಲೆ ಚೀಟಿಯಕ್ಕನೇ ಬರೆದು ಸೇರಿಸಿದ್ದು: "ಕಟ್ ಮಾಡ್ಬೇಡ, ಇನ್ನೊಂದು ಮಾತಿದೆ." ಮೂಲೆಯಲ್ಲಿ, ಕಟ್ಟಳೆಯಂತೆ, ಕೇಳಿದ ದಿನ ಮತ್ತು ಜಾಗ: ಫೋನಿನಲ್ಲಿ, ಆಸ್ಪತ್ರೆಯಿಂದ. ಹೇಳಿದವನು ಅಣ್ಣ. ಅಷ್ಟರಲ್ಲಿ ಲೈನು ತಾನಾಗಿಯೇ ಕಡಿದುಹೋಗಿತ್ತು; ಆಮೇಲೆ ಅವನ ದನಿ ಕೇಳಲು ಸಿಗಲಿಲ್ಲ.

ಮಧ್ಯಾಹ್ನ ಸಂಪಾದಕರು ತಿದ್ದಿದ ಪುಟ ತಂದು ಆಕೆಯ ಮೇಜಿನ ಮೇಲಿಟ್ಟರು. "ಸಹಿ ಹಾಕಿ ಚೀಟಿಯಕ್ಕ." ಸಂಪಾದಕರದೂ ಚೀಟಿ ಕಾಯುವವರದೂ ಎರಡು ಸಹಿ ಬೀಳದೆ ಯಾವ ಪುಟವೂ ಹೊರಗೆ ಹೋಗುವಂತಿರಲಿಲ್ಲ.

ಆಕೆ ಓದಿದಳು. 'ಮೂಲ ತಿಳಿಯದು' ಇದ್ದಲ್ಲಿ ಆರು ಸಾಲು ಬಂದು ಕೂತಿದ್ದವು: ನಮ್ಮ ಪೂರ್ವಜರ ಕತ್ತಿಯೇ ಹಡಗನ್ನೇರಿ ಪರದೇಶ ಸೇರಿ ಕಟ್ ಆಯಿತು. ಆರು ಸಾಲಿಗೆ ಜಾಗ ಮಾಡಲು ಆರು ಉದಾಹರಣೆ ಹೋಗಿದ್ದವು, ಫೋನಿನದೂ ಹೋಗಿತ್ತು. ಪುಟದ ತಳದಲ್ಲಿ ಅಣ್ಣನ ಹೆಸರು ಮಾತ್ರ ಹಾಗೇ ಇತ್ತು.

"ಕತ್ತಿ ಹಡಗು ಹತ್ತಿದ್ದನ್ನ ತಾವು ದಡದಲ್ಲಿ ನಿಂತು ನೋಡಿದ್ರಾ ಸಾರ್?"

"ತಮಾಷೆ ಬೇಡ. 'ತಿಳಿಯದು' ಅಂತ ಅಚ್ಚು ಹಾಕಿದ್ರೆ ಓದೋನು ನಮ್ಮ ಬಗ್ಗೆ ಏನಂದ್ಕೊತಾನೆ?"

"ಇವರಿಗೆ ತಿಳಿಯದು ಅಂದ್ಕೊತಾನೆ. ಅದು ನಿಜಾನೇ."

"ನಿಮ್ಮಣ್ಣನೂ ಒಪ್ಪಿದ್ದ ಮಾತೇ ಇದು" ಎಂದು ಸಂಪಾದಕರು ಜೇಬಿನಿಂದ ಹಳದಿ ತಿರುಗಿದ ಒಂದು ಚೀಟಿ ತೆಗೆದು ಮೇಜಿನ ಮೇಲೆ ಇಸ್ಪೀಟಿನ ಎಲೆಯಂತೆ ಬಡಿದರು. "ಇದೇ ಡ್ರಾಯರಲ್ಲಿತ್ತು. ನೋಡಿ, ಅವರದೇ ಅಕ್ಷರ."

ಚೀಟಿಯ ಮೇಲೆ ದುಂಡಗೆ ಬರೆದಿತ್ತು: "ಕಟ್ — ನಮ್ಮ ಕತ್ತಿ, ಕತ್ತರಿಗಳಿಂದಲೇ ಹೋದದ್ದು."

ಚೀಟಿಯಕ್ಕ ಅದನ್ನು ಕೈಗೆತ್ತಿಕೊಂಡಳು. ಅಣ್ಣ ಹೀಗೆ ಬರೆದಿದ್ದನೇ? ಕನ್ನಡಕ ಏರಿಸಿ ಮತ್ತೆ ನೋಡಿದಳು. ತೂತು ಚೀಟಿಯ ಕಾಲಬಳಿ ಇರಲಿಲ್ಲ; ತಲೆಯಲ್ಲಿತ್ತು. ಒಂದು ದಿನವೂ ತಾವಾಗಿ ಡ್ರಾಯರು ಎಳೆಯದ ಮಹನೀಯರು, ತಲೆಕೆಳಗಾಗಿದ್ದ ಚೀಟಿಯನ್ನು ಕಿತ್ತು, ಪಾಪ ಯಾರೋ ತಿರುಗಾಮುರುಗಾ ಇಟ್ಟಿದ್ದಾರೆಂದು ನೆಟ್ಟಗೆ ಮಾಡಿಕೊಂಡು ತಂದಿದ್ದರು.

ಮೂಲೆ ಖಾಲಿಯಾಗಿತ್ತು. ಎಲ್ಲಿ ಓದಿದ್ದು, ಯಾರು ಹೇಳಿದ್ದು, ಒಂದೂ ಇಲ್ಲ. ಆಗ ಆಕೆಗೆ ನೆನಪಾಯಿತು. ಅಪ್ಪ ಇಬ್ಬರು ಮಕ್ಕಳಿಗೂ ಒಂದೇ ಸ್ಲೇಟಿನಲ್ಲಿ ಅಕ್ಷರ ತಿದ್ದಿಸಿದ್ದ. ಅಣ್ಣತಂಗಿಯರ ಕೈಬರಹ ಅವಳಿಜವಳಿಯಂತಿತ್ತು. ಇದು ಅಣ್ಣನದಲ್ಲ. ಕೆಲಸಕ್ಕೆ ಸೇರಿದ ಮೊದಲ ವರ್ಷ ತಾನೇ ಬರೆದು, ಲೋಕ ಗೆದ್ದವಳಂತೆ ಅಣ್ಣನ ಮುಂದಿಟ್ಟ ಚೀಟಿ.

ಹಿಂದಕ್ಕೆ ತಿರುಗಿಸಿದಳು. ಅಣ್ಣನ ಪೆನ್ಸಿಲು: "ಸದ್ದು ಹೊಂದಿದರೆ ಸಂಬಂಧವಾಯಿತೇ? ಸಾಕ್ಷಿ ಎಲ್ಲಿ, ತಂಗಿ?" ಅಂದು ಎರಡು ದಿನ ಅಣ್ಣನ ಮೇಲೆ ಮುನಿಸಿಕೊಂಡು ಮಾತು ಬಿಟ್ಟಿದ್ದಳು. ಇಂದು ಆ ಎರಡು ದಿನ ವಾಪಸು ಸಿಕ್ಕಿದ್ದರೆ!

"ಸಾರ್, ಇದು ಅಣ್ಣಂದಲ್ಲ, ನಂದು. ನನಗಾಗ ಇಪ್ಪತ್ತೆರಡು, ಬುದ್ಧಿ ಇರ್ಲಿಲ್ಲ. ಅಣ್ಣ ತಲೆಯಲ್ಲಿ ತೂತು ಕೊರೆದು ನೇತುಹಾಕಿದ. ಹಿಂದೆ ಓದಿ."

ಸಂಪಾದಕರು ಓದಿದರು. ಇನ್ನೊಬ್ಬರಾಗಿದ್ದರೆ ನಾಚುತ್ತಿದ್ದರು. ಇವರ ಮುಖ ಅರಳಿತು. "ಅಂದ್ರೆ ಮೊದಲು ಕಂಡುಹಿಡಿದವರು ನೀವೇ! ಮೂವತ್ತನಾಲ್ಕು ವರ್ಷದ ಹಿಂದೆ! ಚೀಟಿಯಕ್ಕ, ನಿಮ್ಮ ಹೆಸರನ್ನೇ ಅಚ್ಚು ಹಾಕೋಣ. ಈ ಪುಸ್ತಕದಲ್ಲಿ ನಿಮ್ಮ ಹೆಸರು ಒಂದು ಕಡೆಯಾದ್ರೂ ಇದೆಯಾ?"

ಇರಲಿಲ್ಲ. ಅಚ್ಚಾದ ಹೆಸರು ಹೇಗೆ ಕಾಣುವುದೋ ಎಂದು ಚೀಟಿಯಕ್ಕನ ಮನಸ್ಸು ಒಂದು ಗಳಿಗೆ ಇಣುಕಿಯೂ ನೋಡಿತು. ಪುಟ ಕಟ್ಟುವವನ ಕೈ ಕೀಲಿಗಳ ಮೇಲೆ ನಿಂತಿತು. ಆಕೆ ಮನಸ್ಸಿನಲ್ಲೇ ದೇವರನ್ನು ನೆನೆದು, ತನ್ನ ಆಸೆಗೆ ತಾನೇ ಛೀ ಅಂದುಕೊಂಡಳು.

"ಅಣ್ಣ ಬರೆದಿದ್ದು ಹಾಗೇ ಹೋಗ್ಲಿ. ಉದಾಹರಣೆ ಆರೂ ವಾಪಸ್ ಬರ್ಲಿ. ಆಗ ಸಹಿ ಹಾಕ್ತೀನಿ."

"ನಾನು ಸಂಪಾದಕ. ನಿಮ್ಮ ಸಹಿ ಇಲ್ದೇನೇ ಕಳಿಸಬಲ್ಲೆ!"

"ಪ್ರೆಸ್ಸಿನೋರು ತಗೊಳ್ಳಲ್ಲ ಸಾರ್, ಎರಡು ಸಹಿ ಬೇಕು" ಎಂದು ಪುಟ ಕಟ್ಟುವವನು ತಲೆಯೆತ್ತದೆ ಹೇಳಿದ.

"ಕಳಿಸಿ ಸಾರ್, ಪರವಾಗಿಲ್ಲ" ಎಂದಳು ಚೀಟಿಯಕ್ಕ. "ಕೇಳ್ಕೊಂಡು ಬಂದೋರಿಗೆಲ್ಲ ಈ ಚೀಟಿ ತೋರಿಸ್ತೀನಿ. ಮೂವತ್ತನಾಲ್ಕು ವರ್ಷದ ಹಿಂದೆ ಒಬ್ಬ ಹುಡುಗಿಗೇ ಬೇಡ ಅಂದಿದ್ದನ್ನ ನಮ್ಮ ಸಂಪಾದಕರು ಹುಡುಕಿ ತಂದ್ರು ಅಂತೀನಿ. ತಲೆಯಲ್ಲಿ ತೂತಿರೋದು ಚೀಟಿಗೋ ಇನ್ನ್ಯಾರಿಗೋ, ಅವರೇ ಹೇಳ್ಲಿ."

ಪುಟ ಕಟ್ಟುವವನಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು.

ಸಂಪಾದಕರು ಕಿಟಕಿ ನೋಡಿದರು, ಗಡಿಯಾರ ನೋಡಿದರು. "ನಿಮ್ಮ ಹಣೇಬರಹ. ಅಜ್ಞಾನವನ್ನೇ ಅಚ್ಚು ಹಾಕಿ!" ಎಂದು ಅಣ್ಣನ ಹಳೆಯ ಪುಟಕ್ಕೆ ಕಾಗದ ಹರಿಯುವಂತೆ ಸಹಿ ಗೀಚಿ ಹೊರಟರು. ಬಾಗಿಲಲ್ಲಿ ತಿರುಗಿ, "ಇರ್ಲಿ. ಮುಂದಿನ ವಾರ 'ಡಿಗ್' ಬರುತ್ತೆ. ಅದರ ಬೇರು ನಮ್ಮಲ್ಲೇ ಇದೆ" ಎಂದು ಹೋದರು.

"ಅಗೆದು ತೆಗೀತಾರೆ ಬಿಡಿ ಅಕ್ಕ" ಎಂದ ಪುಟ ಕಟ್ಟುವವನು.

ಚೀಟಿಯಕ್ಕ ಸಹಿ ಹಾಕಿದಳು. ಆಮೇಲೆ ಹೊಸ ಚೀಟಿ ತೆಗೆದು, ಕತ್ತಿ ಹಡಗನ್ನೇರಿದ ಕಥೆಯನ್ನು ಒಂದಕ್ಷರ ಬಿಡದೆ ಬರೆದು, ಮೂಲೆಯಲ್ಲಿ ದಿನ, ಜಾಗ, ಹೇಳಿದವರು ಎಲ್ಲ ನಮೂದಿಸಿದಳು. ತಲೆಯಲ್ಲಿ ತೂತು ಕೊರೆದು, ತನ್ನ ಹಳದಿ ಚೀಟಿಯನ್ನು ಮತ್ತೆ ಕಂಬಿಗೇರಿಸಿ ಅದರ ಬೆನ್ನಿಗೇ ತಲೆಕೆಳಗಾಗಿ ಪೋಣಿಸಿದಳು. ಮೂರ್ಖತನಕ್ಕೆ ಜೊತೆ ಸಿಕ್ಕಂತಾಯಿತು.

ಕಂಬಿಯ ಕೊನೆಯಲ್ಲಿ ಫೋನಿನ ಚೀಟಿ ಇತ್ತು. ಆ ಇನ್ನೊಂದು ಮಾತು ಏನಿತ್ತೋ! ಅತ್ತಿಗೆಯ ಬಗ್ಗೆಯೋ, ಈ ಪುಟದ ಬಗ್ಗೆಯೋ, ಬರೀ ಊಟವಾಯಿತೇ ಎಂದು ಕೇಳುವುದಿತ್ತೋ. ಮೂರು ತಿಂಗಳಲ್ಲಿ ಆಕೆಯ ಮನಸ್ಸು ಆ ಜಾಗಕ್ಕೆ ಹತ್ತಾರು ಮಾತು ತುಂಬಿ ನೋಡಿತ್ತು. ಒಂದಕ್ಕೂ ಸಾಕ್ಷಿಯಿಲ್ಲ.

ಪೆನ್ಸಿಲು ತೆಗೆದು ಚೀಟಿಯ ಹಿಂದೆ 'ತಿಳಿಯದು' ಎಂದು ಬರೆದು, ಡ್ರಾಯರು ಮುಚ್ಚಿದಳು.