ಕುಂಡದೊಳಗಿನ ಉಸಿರು

"ಅತ್ತಿಗೆ, ಕತ್ತರಿ ಹಿಡ್ಕೊಂಡು ನಿಂತ್ರೆ ಹುಲ್ಲು ತಾನಾಗೇ ಬಂದು ತಲೆ ಕೊಡಲ್ಲ," ಎಂದಳು ನಾದಿನಿ.

ಗಾಜಿನ ಮನೆಯ ಸಾಲಿನಲ್ಲಿದ್ದ ಹುಲ್ಲೆಲ್ಲ ಆಗಲೇ ಬೋಳಾಗಿತ್ತು. ಅತ್ತಿಗೆಯ ಮುಂದೆ ಉಳಿದದ್ದು ಒಂದೇ ಕುಂಡ. ಇಬ್ಬರದೂ ಇಲ್ಲಿ ಹಸುವಿನ ಕೆಲಸ: ಹಸು ಮೇಯುವಷ್ಟು ಎಲೆ ಕತ್ತರಿಸುವುದು, ಕುಂಡಕ್ಕೆ ಗಾಜಿನ ಮುಚ್ಚಳ ಬಿಗಿಯುವುದು, ಒಳಗಿನ ಮಣ್ಣು ಎಷ್ಟು ಉಸಿರು ಬಿಡುತ್ತದೆಂದು ಮೀಟರಿನಲ್ಲಿ ನೋಡುವುದು. ಎಲೆ ಗಾಳಿಯಿಂದ ಇಂಗಾಲ ಹೀರಿ, ಸಕ್ಕರೆ ಮಾಡಿ ಬೇರಿಗೆ ಕಳಿಸುತ್ತದೆ. ಬೇರು ಅದರಲ್ಲಿಷ್ಟನ್ನು ಸುತ್ತಲಿನ ಮಣ್ಣಿಗೆ ಜಿನುಗಿಸುತ್ತದೆ; ಅಲ್ಲಿನ ಕಣ್ಣಿಗೆ ಕಾಣದ ಜೀವಿಗಳಿಗೆ ಅದೇ ಊಟ, ಉಂಡದ್ದನ್ನು ಅವು ಉಸಿರಾಗಿ ಹೊರಗೆ ಬಿಡುತ್ತವೆ. ಎಲೆ ಹೋದರೆ ಆ ಊಟದ ಗತಿಯೇನು? ಇದನ್ನು ತಿಳಿಯಲು ಸಂಸ್ಥೆ ಇಬ್ಬರು ಪದವೀಧರ ಹಸುಗಳನ್ನು ಸಂಬಳ ಕೊಟ್ಟು ಸಾಕಿಕೊಂಡಿತ್ತು.

ಈ ಕುಂಡದ ಲೆಕ್ಕ ಮಾತ್ರ ಕೆಟ್ಟಿತ್ತು. ಕೆಡಿಸಿದವನು ನಾದಿನಿಯ ಅಣ್ಣ, ಅಂದರೆ ಅತ್ತಿಗೆಯ ಗಂಡ. ಇಲ್ಲಿನ ಮೆಕ್ಯಾನಿಕ್, ಎಲ್ಲರ ಬಾಯಲ್ಲಿ 'ರೇಡಿಯೊ'. ಕುಂಡವಿಟ್ಟಿದ್ದ ಗಾಜಿನ ಪೆಟ್ಟಿಗೆಯ ಹತ್ತಿರ ಯಾರೂ ಉಸಿರೆತ್ತಬಾರದೆಂಬ ಬೋರ್ಡಿತ್ತು. ಬೇರೆ ಕಚೇರಿಗಳಲ್ಲಿ ಅದು ಬೆದರಿಕೆ, ಇಲ್ಲಿ ವಿಜ್ಞಾನ. ಆದರೂ ಪೆಟ್ಟಿಗೆಯ ಫ್ಯಾನು ರಿಪೇರಿಗೆಂದು ಒಳಗೆ ತಲೆ ತೂರಿಸಿದ ರೇಡಿಯೊ, ಊಟದ ಹೊತ್ತಿನವರೆಗೂ ಹುಲ್ಲಿನ ಜೊತೆ ಹರಟಿದ್ದ. ಅವನ ಉಸಿರಿನ ಇಂಗಾಲಕ್ಕೆ ಮೀಟರಿನ ಮುಳ್ಳು ಎಗರಿಬಿದ್ದಿತ್ತು. ಆ ಸಂಜೆಯೇ ಅವನ ಹೃದಯ ನಿಂತಿತು.

ಅಂದಿನಿಂದ ಅತ್ತಿಗೆ ಆ ಕುಂಡಕ್ಕೆ ಕತ್ತರಿ ತಾಕಿಸಿರಲಿಲ್ಲ. ಒಳಗೆ ಬಂದಾಗಲೆಲ್ಲ ಬೆನ್ನ ಹಿಂದೆ ಯಾರೋ ಮಾತಿಗೆ ಗಂಟಲು ಸರಿಮಾಡಿಕೊಂಡಂತಾಗುತ್ತಿತ್ತು, ತಿರುಗಿದರೆ ಹುಲ್ಲು. ಈಗ ಸಂಸ್ಥೆಯ ದೊಡ್ಡವರು ಹೇಳಿಯಾಗಿತ್ತು: ಕತ್ತರಿಸಿ ಅಳೆಯಿರಿ, ಇಲ್ಲವೇ ತಿಪ್ಪೆಗೆ ಹಾಕಿ, ಜಾಗ ಬೇಕು.

"ಅವರ ಉಸಿರು ಇದರಲ್ಲಿದೆ ಕಣೇ," ಎಂದಳು ಅತ್ತಿಗೆ. "ಕತ್ತರಿಸಿದ್ರೆ ಹುಲ್ಲು ಹೊಸ ಎಲೆಗೆ ಅಂತ ಇದ್ದಿದ್ದೆಲ್ಲ ಮೇಲಕ್ಕೆ ಎಳ್ಕೊಳುತ್ತೆ. ಕೆಳಗಡೆ ಉಪವಾಸ."

"ಎಲೇಲಿ ಕೂತಿರ್ತಾನಾ ಅವ್ನು? ಮನೇಲೇ ಒಂದು ಕಡೆ ಕೂತೋನಲ್ಲ." ನಾದಿನಿಯ ದನಿ ಒಡೆಯಿತು. "ಯಾವತ್ತೋ ಬೇರಿಗಿಳಿದು, ಮಣ್ಣಿಗೆ ಸೇರಿ, ಅಲ್ಲಿನೋರ ಹೊಟ್ಟೆ ತುಂಬಿಸಿ ಹೊರಗೆ ಬಂದಿರ್ತಾನೆ. ನಾವು ಬಾಗಿಲು ತೆಗೆದಾಗ ಹೊರಟೂ ಹೋಗಿರ್ತಾನೆ."

"ಪೂರ್ತಿ ಹೋಗಿರಲ್ಲ."

"ಸರಿ, ಹಂಗಾದ್ರೆ ತಿಪ್ಪೆಗೆ ಹಾಕೋಣ್ವಾ?"

ಅತ್ತಿಗೆ ಕುಂಡ ಹತ್ತಿರಕ್ಕೆ ಎಳೆದುಕೊಂಡಳು. ಜಡೆ ಹೆಣೆಯುವವಳ ಹಾಗೆ ಎಲೆಗಳನ್ನೆಲ್ಲ ಒಂದು ಹಿಡಿಯಲ್ಲಿ ಕೂಡಿಸಿ, ಕತ್ತರಿಸಿದಳು. ಹಸಿ ವಾಸನೆ ಎದ್ದಿತು. ಮುಚ್ಚಳ ಬಿಗಿದಳು.

ಮುಳ್ಳು ಏರತೊಡಗಿತು. ಎಲೆ ಕಳೆದುಕೊಂಡ ಬೇರು ಮೊದಲು ಹುಚ್ಚು ಹಿಡಿದಂತೆ ಮಣ್ಣಿನ ಜೀವಿಗಳಿಗೆ ಬಡಿಸುತ್ತದೆ, ಆಮೇಲೆ ಕೈ ಬಿಗಿಹಿಡಿಯುತ್ತದೆ. ಉಳಿದ ಕುಂಡಗಳಲ್ಲಿ ಇಬ್ಬರೂ ಅದನ್ನು ನೋಡಿದ್ದರು.

"ಸಾಕು ಅತ್ತಿಗೆ, ತೆಗಿ. ಸಿಕ್ತಲ್ಲ ಲೆಕ್ಕ."

"ಇರೇ. ಮಾತು ಶುರು ಮಾಡಿದ್ಮೇಲೆ ಅವರು ಯಾವತ್ತು ಬೇಗ ನಿಲ್ಲಿಸಿದ್ರು?"

ನಾದಿನಿ ನಗಲು ಹೋದಳು, ಆಗಲಿಲ್ಲ. ಸ್ಟೂಲೆಳೆದು ಪಕ್ಕದಲ್ಲಿ ಕೂತಳು. ಮುಳ್ಳಿನ ಓಟ ನಿಧಾನವಾಯಿತು. ಮುಚ್ಚಳದ ಗಾಜಿಗೆ ಮಂಜು ಕಟ್ಟಿ, ಬೋಳು ಹುಲ್ಲು ಮಸುಕಾಯಿತು. ಅತ್ತಿಗೆ ಕೋಟಿನ ತೋಳಿನಿಂದ ಒರೆಸಿದಳು. ಹೋಗಲಿಲ್ಲ. ಮತ್ತೆ ಒರೆಸಿದಳು.

ಮಂಜು ಒಳಗಡೆಯಿತ್ತು.