ಅಮ್ಮ ಮಾತಾಡಿದ ಮೂರು ಗಂಟೆ

ಮದುವೆಗಳ ವೀಡಿಯೋ ತೆಗೆದು ಬದುಕುತ್ತಿದ್ದ ಕ್ಯಾಮೆರಾಮನ್ನನ ಸ್ಟುಡಿಯೋಗೆ ಬ್ಲೂ-ರೇ ರೈಟರ್ ಬಂದ ವಾರವೇ ಅವನ ಅಕ್ಕನೂ ಬಂದಳು. ಕೈಯಲ್ಲೊಂದು ಹಳೆಯ ಸಿ.ಡಿ. ತೀರಿಕೊಳ್ಳುವ ಮುಂಚೆ ಅಮ್ಮ ಕಿಟಕಿ ಪಕ್ಕ ಕುಳಿತು ಮಾತಾಡಿದ್ದನ್ನು ಚಿತ್ರೀಕರಿಸಿ, ಹದಿನೆಂಟು ವರ್ಷದ ಹಿಂದೆ ಅವನೇ ಮಾಡಿಕೊಟ್ಟದ್ದು.

"ಗೀರು ಬಿದ್ದು ತಡವರಿಸ್ತಿದೆ ಕಣೋ. ಹೊಸದಕ್ಕೆ ಹಾಕ್ಕೊಡು."

ಅವನಿಗೆ ಎಲ್ಲಿಲ್ಲದ ಹುರುಪು. "ನಿನ್ನ ಸಿ.ಡಿ.ಲಿ ಹಿಡಿಯೋದು ಏಳುನೂರು ಎಂಬಿ. ಅಂಥವು ಆರು ಸೇರಿದ್ರೂ ಒಂದು ಡಿ.ವಿ.ಡಿ. ತುಂಬಲ್ಲ. ಈ ಬ್ಲೂ-ರೇ ಡಿಸ್ಕಲ್ಲಿ ಅಂಥ ಡಿ.ವಿ.ಡಿ.ಗಳೇ ಐದು ಹಿಡಿಯುತ್ತೆ!"

"ಹಾಗಾದ್ರೆ ಅವತ್ತು ತೆಗೆದದ್ದು ಪೂರ್ತಿ ಹಾಕು. ಮೂರು ಗಂಟೆ ಮಾತಾಡಿದ್ಲು ಅಂದಿದ್ದೆ. ಇದರಲ್ಲಿರೋದು ಒಂದೇ ಗಂಟೆ." ಅಕ್ಕನ ದನಿ ಇಳಿಯಿತು. "ಪಕ್ಕದ ಮನೆ ಬೆಕ್ಕಿನ ಸುದ್ದಿ ಕೂಡ ಇದೆ, ನನ್ನ ಸುದ್ದಿ ಇಲ್ಲ. ಕೊನೇವರೆಗೂ ಅಮ್ಮನಿಗೆ ನನ್ಮೇಲಿನ ಕೋಪ ಇಳೀಲಿಲ್ಲ ಅಂದ್ಕೊಂಡೇ ಇದ್ದೀನಿ."

ಅವನು ಅವಳ ಕೈಯಿಂದ ಸಿ.ಡಿ. ತೆಗೆದುಕೊಂಡ.

ಅಂದು ಅವನ ಡಿ.ವಿ.ಡಿ. ರೈಟರ್ ರಿಪೇರಿಗೆ ಹೋಗಿತ್ತು. ನಾಲ್ಕು ದಿನ ಕಾದಿದ್ದರೆ ಸಾಕಿತ್ತು. ಅಷ್ಟೂ ತಾಳ್ಮೆಯಿಲ್ಲದೆ ಮೂರು ಗಂಟೆಯನ್ನು ಒಂದು ಸಿ.ಡಿ.ಗೆ ತುರುಕಲು ಕುಳಿತಿದ್ದ. ಮಗಳ ಮಾತು ಬಂದಾಗಲೆಲ್ಲ ಅಮ್ಮ ತಡವರಿಸುತ್ತಿದ್ದಳು. ಹೇಳಿದ್ದನ್ನೇ ಹೇಳುತ್ತಿದ್ದಳು, ಬಹಳ ಹೊತ್ತು ಸುಮ್ಮನಾಗುತ್ತಿದ್ದಳು. ನೋಡುವವರಿಗೆ ಬೇಜಾರಾದೀತೆಂದು ಅಷ್ಟನ್ನೂ ಕತ್ತರಿಸಿದ್ದ. ಮರುವಾರವೇ ಆ ಟೇಪುಗಳ ಮೇಲೆ ಯಾರದೋ ಮದುವೆ ಕುಳಿತಿತ್ತು.

ಟೇಪು ಹಾಳಾಯಿತು ಎಂದುಬಿಡಬಹುದಿತ್ತು. ನಾಲಿಗೆ ಏಳಲಿಲ್ಲ.

"ನಿನ್ನ ಮಾತೇ ಜಾಸ್ತಿ ಇತ್ತು ಅಕ್ಕಾ. ಜಾಗ ಸಾಲಲ್ಲ ಅಂತ ನಾನೇ ತೆಗೆದುಹಾಕ್ದೆ. ಈಗ ಎಲ್ಲೂ ಇಲ್ಲ."

ಅಕ್ಕ ಬೈಯಲಿಲ್ಲ. ಸ್ಟೂಲ್ ಎಳೆದುಕೊಂಡು ಕುಳಿತಳು. "ಏನಂದ್ಲು? ಅವಳ ಮಾತಲ್ಲೇ ಹೇಳು."

"ಜಗಳ ಆದ್ಮೇಲೆ ನೀನು ಬಂದು ಬಾಗಿಲು ತಟ್ಟಿದ್ಯಲ್ಲ, ಅವಳು ಒಳಗೇ ಇದ್ಲಂತೆ. ಚಿಲಕದ ಮೇಲೆ ಕೈಯಿಟ್ಕೊಂಡು ನಿಂತಿದ್ಲಂತೆ. ತೆಗೀಬೇಕಿತ್ತು, ತೆಗೀಬೇಕಿತ್ತು ಅಂತ ನಾಲ್ಕೈದು ಸಲ ಅಂದ್ಲು."

"ತೆಗೀಬೇಕಿತ್ತು ಅಂದ್ಲಾ, ತೆಗೀಬಹುದಿತ್ತು ಅಂದ್ಲಾ?"

ಎಷ್ಟು ಕೆದಕಿದರೂ ಅವನಿಗೆ ನೆನಪಾಗಲಿಲ್ಲ. "ಗೊತ್ತಿಲ್ಲ ಅಕ್ಕಾ," ಎಂದ.

"ಹೋಗಲಿ, ಇರೋದನ್ನೇ ಹಾಕು."

ಸಿ.ಡಿ. ಓಡತೊಡಗಿತು. ಪರದೆಯ ಮೇಲೆ ಅಮ್ಮ ಏನೋ ಹೇಳುತ್ತಾ ಕಿಟಕಿಯತ್ತ ತಿರುಗಿದಳು. ಚಿತ್ರ ಚಕ್ಕನೆ ನೆಗೆದು ಅವಳ ಮುಖ ಮತ್ತೆ ನೇರವಾಯಿತು.

"ಇಲ್ಲೇನಾ?" ಎಂದಳು ಅಕ್ಕ.

ಅವನು ಹೂಂ ಎಂದ. ಆಮೇಲೆ ಚಿತ್ರ ನೆಗೆದಾಗಲೆಲ್ಲ ಅವಳು ಅದನ್ನೇ ಕೇಳಿದಳು, ಅವನು ಹೂಂ ಎನ್ನುತ್ತಲೇ ಇದ್ದ.